ಅಟ್ಟಕ್ಕೆ ಯಾವ ಗರ್ಡರ್?

ಹೋದ ವರ್ಷ ಶ್ರಾವಣದ ಒಂದು ರಾತ್ರಿ, ಮಳೆ ಹಿಡಿದು ಕುಟ್ಟುತ್ತಿದ್ದಾಗ, ನಮ್ಮ ಸಂಘದ ಸದಸ್ಯರೊಬ್ಬರ ಮನೆಯಿಂದ ಫೋನು ಬಂತು. "ಅಟ್ಟ ಸದ್ದು ಮಾಡ್ತಾ ಇದೆ, ಸ್ವಲ್ಪ ಬಂದು ನೋಡಿ" ಎಂದರು. ನಾವು ಹೋಗುವ ಹೊತ್ತಿಗೆ ಅಕ್ಕಪಕ್ಕದ ತೋಟದವರು ನಾಲ್ಕೈದು ಮಂದಿ ಟಾರ್ಚು ಹಿಡಿದು ಸೇರಿದ್ದರು. ಧಾರಣೆ ಏರಲಿ ಎಂದು ಕಾದಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳು ಅಟ್ಟದ ತುಂಬ ಇದ್ದವು. ಕೆಳಗೆ ನಿಂತು ನೋಡಿದರೆ, ಅಟ್ಟವನ್ನು ಹೊತ್ತ ಎರಡು ಹಳಿಗಳಲ್ಲಿ ಒಂದು ನಡುವಿನಲ್ಲಿ ಎರಡು ಇಂಚಿನಷ್ಟು ಕೆಳಗೆ ಬಂದಿತ್ತು. ಬಿದ್ದ ಅಡಿಕೆ ಮರದ ಕಾಂಡಗಳನ್ನು ತುಂಡು ಮಾಡಿ ಸಾಲಾಗಿ ಊರೆ ಕೊಟ್ಟು, ಬೆಳಗಿನ ಜಾವದವರೆಗೆ ಚೀಲಗಳನ್ನು ಒಂದೊಂದಾಗಿ ಇಳಿಸಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಅದು ದೇವರ ದಯೆ ಎನ್ನಬೇಕೇ ಹೊರತು ನಮ್ಮ ಜಾಣತನವಲ್ಲ.

ಬೆಳಕು ಹರಿದ ಮೇಲೆ ನೋಡಿದಾಗ ಕಾರಣ ಕಣ್ಣಿಗೇ ಕಾಣುತ್ತಿತ್ತು. 18 ಅಡಿ ಅಗಲದ ಕೋಣೆಗೆ ಹಾಕಿದ್ದ ಹಳೆಯ ರೈಲು ಹಳಿ ಒಂದೇ ತುಂಡಲ್ಲ, ಎರಡು ತುಂಡು. ಸರಿಯಾಗಿ ನಡುಮಧ್ಯದಲ್ಲಿ ವೆಲ್ಡಿಂಗ್ ಮಾಡಿ ಜೋಡಿಸಿ, ಮೇಲೆ ಕೆಂಪು ಬಣ್ಣ ಬಳಿದಿದ್ದರು. ಆ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಗುಜರಿ ಅಂಗಡಿಯವನು "ರೈಲೇ ಓಡಾಡಿದ ಹಳಿ ಸ್ವಾಮಿ, ನಿಮ್ಮ ನಾಲ್ಕು ಚೀಲ ಏನು ಲೆಕ್ಕ" ಎಂದಿದ್ದನಂತೆ. ಆ ಅಂಗಡಿಗೆ ದಾರಿ ತೋರಿಸಿದವರು ನಾವೇ. ಬೆಲೆ ಕಡಿಮೆ ಇದೆ ಎಂದು ಹೇಳಿದ್ದೆವು, ಮತ್ತೇನನ್ನೂ ಕೇಳಿರಲಿಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಈಗ ಸಂಘದ ಹೊಸ ಗೋದಾಮಿನ ವಿಷಯ ಮಹಾಸಭೆಯ ಮುಂದೆ ಬರಲಿದೆ. ಜೊತೆಗೆ ಅನೇಕ ಸದಸ್ಯರು ತಮ್ಮ ತಮ್ಮ ಮನೆಯಲ್ಲಿ ಅಟ್ಟ, ಪಲ್ಪರ್ ಮನೆ, ಅಡಿಕೆ ಬೇಯಿಸುವ ಕೊಟ್ಟಿಗೆ ಕಟ್ಟುವ ಹವಣಿಕೆಯಲ್ಲಿದ್ದಾರೆ. ಮೊದಲಾದರೆ ಹಿತ್ತಲಿನ ಮತ್ತಿ, ಹೊನ್ನೆ, ಹಲಸು ಇದ್ದವು. ಆಚಾರಿ ಬಂದು ನೋಡಿ, ಇಷ್ಟು ದಪ್ಪದ ತೊಲೆ ಸಾಕು ಎಂದರೆ ಸಾಕಾಗುತ್ತಿತ್ತು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅಪ್ಪಣೆ ಬೇಕು. ಕೊಡಲಿ ಹಾಕುವಂಥ ಮರವೂ ಈಗ ಎಷ್ಟು ತೋಟದಲ್ಲಿ ಉಳಿದಿದೆ? ನೆರಳಿಗೆ ನೆಟ್ಟ ಸಿಲ್ವರ್ ಓಕ್ ಅಟ್ಟದ ತೊಲೆಗೆ ಆಗಿಬರುವುದಿಲ್ಲ. ಹೀಗಾಗಿ ಎಲ್ಲರೂ ಉಕ್ಕಿಗೆ ಬಂದಿದ್ದೇವೆ. ಆದರೆ ಮರದ ವಿಷಯದಲ್ಲಿ ಅಜ್ಜ ಮುತ್ತಜ್ಜರಿಂದ ಬಂದ ತಿಳಿವಳಿಕೆ ಇತ್ತು. ಉಕ್ಕಿನ ವಿಷಯದಲ್ಲಿ ನಮಗಿರುವುದು ಅಂಗಡಿಯವನ ಮಾತು ಮಾತ್ರ.

ಸಂಘದ ಕಚೇರಿಗೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಎಷ್ಟು ಇಂಚಿನ ಗರ್ಡರ್ ಹಾಕಲಿ?" ಎರಡನೆಯದು, "ಭಾರ ಹೆಚ್ಚಿದ್ದಷ್ಟು ಗಟ್ಟಿ ಅಲ್ಲವೆ?" ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಹಣ ಪೋಲಾಗುವುದು ಅಲ್ಲಿ.

ಭಾರಕ್ಕೂ ಬಲಕ್ಕೂ ನೇರ ನಂಟಿಲ್ಲ. ತೊಲೆಯ ಮೇಲೆ ಹೊರೆ ಬಿದ್ದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ನಡುವಿನ ಭಾಗಕ್ಕೆ ಅಷ್ಟು ಕೆಲಸವಿಲ್ಲ. ಮೇಲಿನ ಪಟ್ಟಿಯನ್ನೂ ಕೆಳಗಿನ ಪಟ್ಟಿಯನ್ನೂ ದೂರ ದೂರ ಹಿಡಿದಿಟ್ಟರೆ ಸಾಕು. ಆದ್ದರಿಂದಲೇ ಇಂಗ್ಲಿಷಿನ 'ಐ' ಅಕ್ಷರದ ಆಕಾರ. ನಮ್ಮಲ್ಲಿ ಗರ್ಡರ್ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಭಾರತೀಯ ಮಾನಕದ ಪಟ್ಟಿಯಲ್ಲಿ ಇದರ ಹೆಸರು ಐ.ಎಸ್.ಎಂ.ಬಿ., ಎಂದರೆ ಮಧ್ಯಮ ತೂಕದ ತೊಲೆ. ಮುಂದಿನ ಅಂಕಿ ಮಿಲಿಮೀಟರಿನಲ್ಲಿ ಅದರ ಎತ್ತರ. 200 ಎಂದರೆ ಎಂಟು ಇಂಚಿನದು, 250 ಎಂದರೆ ಹತ್ತು ಇಂಚಿನದು.

ಒಂದು ಉದಾಹರಣೆ ನೋಡಿ. ಐ.ಎಸ್.ಎಂ.ಬಿ. 250 ಮೀಟರಿಗೆ 37.3 ಕಿಲೋ ತೂಗುತ್ತದೆ. ಅಂಗಡಿಯಲ್ಲಿ 'ಹೆಚ್ ಬೀಮು' ಎಂದು ಮಾರುವ ಐ.ಎಸ್.ಹೆಚ್.ಬಿ. 200 ಕೂಡ ಮೀಟರಿಗೆ ಸರಿಯಾಗಿ 37.3 ಕಿಲೋ. ತೂಕ ಒಂದೇ, ಆದ್ದರಿಂದ ಬೆಲೆಯೂ ಹೆಚ್ಚು ಕಡಿಮೆ ಒಂದೇ. ಹೆಚ್ ಬೀಮು ನೋಡುವುದಕ್ಕೆ ದಷ್ಟಪುಷ್ಟ, ಪಟ್ಟಿಯ ಅಗಲವೇ ಎಂಟು ಇಂಚು. ಇನ್ನೊಂದರ ಪಟ್ಟಿ ಐದೇ ಇಂಚು. ಯಾರಾದರೂ ಕೈ ಹಾಕುವುದು ಹೆಚ್ ಬೀಮಿಗೇ. ಆದರೆ ಅಟ್ಟದ ತೊಲೆಯಾಗಿ ಅಡ್ಡ ಮಲಗಿಸಿದಾಗ ಎಂ.ಬಿ. 250ರ ಬಾಗುವಿಕೆಯ ಬಲ ಸುಮಾರು ಶೇಕಡ 14 ಹೆಚ್ಚು. ಬಗ್ಗದೆ ನೆಟ್ಟಗೆ ನಿಲ್ಲುವ ಬಿಗಿ ಶೇಕಡ 40ಕ್ಕೂ ಹೆಚ್ಚು. ಕಾರಣ, ಅದು ಎರಡು ಇಂಚು ಎತ್ತರವಾಗಿದೆ. ಅದೇ ಹೆಚ್ ಬೀಮನ್ನು ಕಂಬವಾಗಿ ನಿಲ್ಲಿಸಿ, ಆಗ ಮಾತು ತಿರುಗುತ್ತದೆ. ಕಂಬ ಯಾವ ಕಡೆಗೆ ದುರ್ಬಲವೋ ಆ ಕಡೆಗೆ ಬಾಗಿ ಸೋಲುತ್ತದೆ. ದುರ್ಬಲ ಮಗ್ಗುಲಲ್ಲಿ ಹೆಚ್ ಬೀಮಿನ ಬಿಗಿ ಎಂ.ಬಿ.ಗಿಂತ ಮೂರು ಪಟ್ಟಿನ ಹತ್ತಿರ. ಆದ್ದರಿಂದ ಅಡ್ಡಕ್ಕೆ ಐ, ಕಂಬಕ್ಕೆ ಹೆಚ್. ಇಷ್ಟು ತಿಳಿದಿದ್ದರೂ ಎಷ್ಟೋ ಮನೆಗಳಲ್ಲಿ ದುಡ್ಡು ಉಳಿಯುತ್ತಿತ್ತು.

ಹಳಿಯ ಮಾತಿಗೆ ಬರುತ್ತೇವೆ. ಹಳಿಯ ಮೇಲೆ ನಮ್ಮವರಿಗೆ ಇರುವ ಭಕ್ತಿ ಹಳೆಯದು. ಹಳಿ ಹಾಕಿದ ತಾರಸಿಗಳು ಗಟ್ಟಿಯಾಗಿ ನಿಂತಿರುವುದನ್ನು ನಾವೂ ಕಂಡಿದ್ದೇವೆ. ಆದರೆ ಅಲ್ಲಿ ಹಳಿಗಳನ್ನು ಹತ್ತಿರ ಹತ್ತಿರ ಹಾಕಿರುತ್ತಾರೆ, ಕೋಣೆಗಳೂ ಚಿಕ್ಕವು. ಹಳಿಯನ್ನು ಮಾಡಿದ್ದು ಎರಡು ಸ್ಲೀಪರುಗಳ ನಡುವೆ, ಮೊಳ ಒಂದೂವರೆ ಮೊಳ ಅಂತರದಲ್ಲಿ, ಚಕ್ರದ ಸವೆತ ತಾಳಿಕೊಂಡು ಕೂರಲೆಂದು. ಆದ್ದರಿಂದ ಅದರ ಉಕ್ಕೆಲ್ಲ ತಲೆಯಲ್ಲಿಯೂ ಪಾದದಲ್ಲಿಯೂ ಇದೆ, ಎತ್ತರ ಕಡಿಮೆ. ತೊಂಬತ್ತು ಪೌಂಡಿನ ಹಳೆಯ ಹಳಿ ಮೀಟರಿಗೆ 44 ಕಿಲೋ ದಾಟುತ್ತದೆ. ಎತ್ತರ ಆರು ಇಂಚೂ ಇಲ್ಲ. ಮೀಟರಿಗೆ 25 ಕಿಲೋ ತೂಗುವ ಎಂಟು ಇಂಚಿನ ಐ ತೊಲೆ ಅದಕ್ಕಿಂತ ಬಿಗಿಯಾಗಿ ನಿಲ್ಲುತ್ತದೆ. ಕಿಲೋ ಲೆಕ್ಕದಲ್ಲಿ ಹಳಿ ಅಗ್ಗವೆಂದು ಕಂಡರೂ ಮಾಡುವ ಕೆಲಸದ ಲೆಕ್ಕದಲ್ಲಿ ಅಗ್ಗವಲ್ಲ. ಇನ್ನೊಂದು ಮಾತು, ಹಳಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಗಡುಸಾದ ಆ ಉಕ್ಕನ್ನು ಮುಂಚಿತವಾಗಿ ಕಾಯಿಸದೆ ಸಾಧಾರಣ ವೆಲ್ಡಿಂಗ್ ಹಚ್ಚಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಹುಟ್ಟುತ್ತದೆ. ನಮ್ಮ ಸದಸ್ಯರ ಅಟ್ಟದಲ್ಲಿ ಆದದ್ದು ಇದೇ. ಅದೂ ಬೆಸುಗೆ ಬಿದ್ದದ್ದು ನಟ್ಟನಡುವೆ, ತೊಲೆ ಅತ್ಯಂತ ಹೆಚ್ಚು ದುಡಿಯುವ ಜಾಗದಲ್ಲಿ. ಗಿರಣಿಯಿಂದ ಬರುವ ತೊಲೆಗಳು ಹತ್ತು ಹನ್ನೆರಡು ಮೀಟರ್ ಉದ್ದ ಇರುತ್ತವೆ. 20 ಅಡಿಯ ಕೋಣೆಗೆ ಜೋಡಣೆಯ ಅಗತ್ಯವೇ ಇಲ್ಲ. ಜೋಡಿಸಿದ ತೊಲೆ ಕೊಡುತ್ತೇನೆ ಎಂದವನ ಅಂಗಡಿಯಿಂದ ಎದ್ದು ಬರುವುದು ಲೇಸು.

ಎಷ್ಟು ಇಂಚಿನದು ಎಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾವು ಮರುಪ್ರಶ್ನೆ ಕೇಳಬೇಕಾಗಿದೆ. ಗೋಡೆಯಿಂದ ಗೋಡೆಗೆ ಎಷ್ಟು ಅಂತರ? ಮೇಲೆ ಏನು ಇಡುತ್ತೀರಿ? ವಾಸದ ಮನೆಯ ನೆಲಕ್ಕೆ ಎಂಜಿನಿಯರರು ಹಿಡಿಯುವುದು ಚದರ ಮೀಟರಿಗೆ 200 ಕಿಲೋ ಹೊರೆ. ಮಂಚ, ಕಪಾಟು, ನೆಂಟರು ಎಲ್ಲ ಅದರಲ್ಲೇ ಬಂತು. ಆದರೆ 50 ಕಿಲೋ ಪಾರ್ಚ್‌ಮೆಂಟ್ ಚೀಲವನ್ನು ಹತ್ತು ಸಾಲು ಎತ್ತರ ಪೇರಿಸಿ ನೋಡಿ, ಚದರ ಮೀಟರಿಗೆ ಒಂದು ಟನ್ನಿನ ಹತ್ತಿರ ಬರುತ್ತದೆ. ಮನೆಯ ಹೊರೆಯ ನಾಲ್ಕೈದು ಪಟ್ಟು! ದಾಸ್ತಾನು ಕೋಣೆಗಳಿಗೆ ಮಾನಕ ಸಂಹಿತೆಯೇ ಕನಿಷ್ಠ 750 ಕಿಲೋ ಹಿಡಿಯಬೇಕೆನ್ನುತ್ತದೆ. "ಮನೆಗೆ ಹಾಕಿದ್ದೇ ಅಟ್ಟಕ್ಕೂ ಹಾಕು" ಎಂದು ಮೇಸ್ತ್ರಿಗೆ ಹೇಳುವಾಗ ಈ ವ್ಯತ್ಯಾಸ ನಮ್ಮ ಮನಸ್ಸಿಗೆ ಬರುವುದೇ ಇಲ್ಲ.

ಅಂತರದ ಆಟ ಇನ್ನೂ ದೊಡ್ಡದು. ಅದೇ ತೊಲೆ, ಮೀಟರಿಗೆ ಅದೇ ಹೊರೆ, ಅಂತರವನ್ನು ಮಾತ್ರ ಇಮ್ಮಡಿ ಮಾಡಿದರೆ ತೊಲೆಯ ಮೇಲಿನ ಬಾಗುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಜೋಲು ಹದಿನಾರು ಪಟ್ಟಾಗುತ್ತದೆ. ಹದಿನಾರು, ಅಚ್ಚಿನ ತಪ್ಪಲ್ಲ.

ಮಾದರಿಗೆ ಒಂದು ಲೆಕ್ಕ ಮಾಡಿದ್ದೇವೆ. ಕೋಣೆಯ ಅಗಲ 6 ಮೀಟರ್, ಎಂದರೆ ಸುಮಾರು 20 ಅಡಿ. ತೊಲೆಗಳನ್ನು ಎರಡೆರಡು ಮೀಟರಿಗೆ ಒಂದರಂತೆ ಹಾಕುತ್ತೇವೆ. ಚೀಲದ ಹೊರೆ ಚದರ ಮೀಟರಿಗೆ 750 ಕಿಲೋ, ಅಟ್ಟದ ಸ್ವಂತ ತೂಕ 100 ಕಿಲೋ. ಪ್ರತಿ ತೊಲೆಯ ಮೇಲೆ ಮೀಟರಿಗೆ 1700 ಕಿಲೋ ಬಿತ್ತು. ಹಳೆಯ ಪದ್ಧತಿಯ ಅನುಮತಿಸಿದ ಒತ್ತಡದ ಲೆಕ್ಕದಲ್ಲಿ ಹತ್ತು ಇಂಚಿನ ಐ ತೊಲೆ ಸಾಲದು, ಹನ್ನೆರಡು ಇಂಚಿನದು, ಎಂದರೆ ಎಂ.ಬಿ. 300 ಬೇಕು. ಅದು ತುಂಬಿದ ಹೊರೆಗೆ ನಡುವೆ 16 ಮಿಲಿಮೀಟರಿನಷ್ಟು ಜೋಲುತ್ತದೆ, ಅಷ್ಟಕ್ಕೆ ಅಡ್ಡಿಯಿಲ್ಲ. ಈಗ ಕೋಣೆಯ ನಡುವೆ ತೊಲೆಗೊಂದು ಕಂಬ ಕೊಡಿ. ಅಂತರ 3 ಮೀಟರಿಗೆ ಇಳಿಯಿತು. ಎಂಟು ಇಂಚಿನ ಎಂ.ಬಿ. 200 ಧಾರಾಳವಾಗಿ ಸಾಕು. ಒಂದು ತೊಲೆಗೆ ಸುಮಾರು 270 ಕಿಲೋ ಉಕ್ಕು ಬೇಕಾಗಿದ್ದ ಕಡೆ 150 ಕಿಲೋದಲ್ಲಿ ಕೆಲಸವಾಯಿತು. ಕಂಬವನ್ನು ನಾಲ್ಕು ಇಂಚಿನ ಚೌಕ ಕೊಳವೆಯಲ್ಲಿ ಮಾಡಿದರೆ ಅದರ ಕೆಳಗಿನ ಕಾಂಕ್ರೀಟು ಪಾದದ ಖರ್ಚು ಕಳೆದೂ ಏನಾದರೂ ಉಳಿಯುತ್ತದೆ. ಕಂಬಕ್ಕೂ ಭಾರಿ ಹೆಚ್ ಬೀಮೇ ಬೇಕೆಂದು ಹಟ ಹಿಡಿದರೆ ಉಳಿತಾಯದ ಬಹುಪಾಲು ಅಲ್ಲಿಗೇ ಹೋಗುತ್ತದೆ. ನಮ್ಮ ಆಡಳಿತ ಮಂಡಳಿಯ ಕೆಲವರು "ಗೋದಾಮಿನ ನಡುವೆ ಕಂಬ ಚೆನ್ನಾಗಿ ಕಾಣುವುದಿಲ್ಲ" ಎಂದಿದ್ದಾರೆ. ನಮ್ಮ ಅಜ್ಜಂದಿರ ಜಗಲಿಗಳ ಅಂದವೇ ಕಂಬಗಳಲ್ಲಿತ್ತು. ಲಾರಿ ಒಳಗೆ ಬರುವ ಕಡೆ ಕಂಬ ಬೇಡ, ಒಪ್ಪುತ್ತೇವೆ. ಚೀಲ ಪೇರಿಸುವ ಕಡೆ ಕಂಬದಿಂದ ಏನು ತೊಂದರೆಯೋ ತಿಳಿಯದು.

ಈ ಲೆಕ್ಕವನ್ನು ಕತ್ತರಿಸಿಟ್ಟುಕೊಂಡು ಯಾರೂ ಅಂಗಡಿಗೆ ಹೋಗಬಾರದು. ಮೇಲಿನ ಪಟ್ಟಿಯನ್ನು ನೆಲದ ಹಾಸು ಪಕ್ಕಕ್ಕೆ ವಾಲದಂತೆ ಹಿಡಿದಿದೆ ಎಂಬ ಭಾವನೆ ಇದರಲ್ಲಿ ಅಡಗಿದೆ. ಹಲಗೆಯನ್ನು ಸುಮ್ಮನೆ ಮೇಲಿಟ್ಟರೆ ಆ ಹಿಡಿತ ಸಿಗುವುದಿಲ್ಲ. ಎತ್ತರದ ತೊಲೆ ಮಗ್ಗುಲಿಗೆ ತಿರುಚಿಕೊಂಡು ಸೋಲಬಹುದು. ತೊಲೆಯ ತುದಿ ಕೂರುವ ಗೋಡೆ ಕೆಂಪುಕಲ್ಲಿನದೋ ಹಳೆಯ ಮಣ್ಣಿನದೋ ಎಂಬುದೂ ಮುಖ್ಯ. ಮಣ್ಣಿನ ಗೋಡೆಯ ಮೇಲೆ ಐದು ಟನ್ನಿನ ತುದಿಯನ್ನು ಹಾಗೇ ಇಟ್ಟರೆ ತೊಲೆ ನಿಂತೀತು, ಗೋಡೆ ನಿಲ್ಲದು. ಕಾಂಕ್ರೀಟಿನ ದಿಂಬು ಬೇಕು.

ಚಾನೆಲ್ ಎಂಬ 'ಸಿ' ಆಕಾರದ್ದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಎಂಟು ಇಂಚಿನ ಚಾನೆಲ್ ಎಂಟು ಇಂಚಿನ ಐ ತೊಲೆಗಿಂತ ಮೀಟರಿಗೆ ಮೂರು ಕಿಲೋ ಕಡಿಮೆ ತೂಗುತ್ತದೆ, ಬಲವೂ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಒಂಟಿ ಚಾನೆಲ್ ಮೇಲೆ ಹೊರೆ ಹಾಕಿದರೆ ಅದು ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ, ಏಕೆಂದರೆ ಅದರ ಬೆನ್ನು ಒಂದು ಪಕ್ಕದಲ್ಲಿದೆ. ಗೋಡೆಗೆ ಒತ್ತಿಕೊಂಡಿರುವ ಅಂಚಿಗೆ, ಮೆಟ್ಟಿಲಿನ ಪಕ್ಕಕ್ಕೆ, ಮಾಡಿನ ಉದ್ದನೆಯ ಅಡ್ಡಪಟ್ಟಿಗೆ ಚಾನೆಲ್ ಒಳ್ಳೆಯದು. ಬೆನ್ನಿಗೆ ಬೆನ್ನು ಕೊಟ್ಟು ಎರಡನ್ನು ಕೂಡಿಸಿದರೆ ಸೊಗಸಾದ ಕಂಬವೂ ಆಗುತ್ತದೆ. ಅಟ್ಟದ ನಡುವಣ ತೊಲೆಗೆ ಒಂಟಿ ಚಾನೆಲ್ ಬೇಡ.

ಈಚೆಗೆ ಪಟ್ಟಿಯ ಒಳಮೈ ಸಮನಾಗಿರುವ ಹೊಸ ಬಗೆಯ ಐ ತೊಲೆಗಳು ದೊಡ್ಡ ಗಿರಣಿಗಳಿಂದ ಬರುತ್ತಿವೆ. ಹಳೆಯ ಎಂ.ಬಿ.ಯ ಪಟ್ಟಿ ಒಳಗಡೆ ಇಳಿಜಾರಾಗಿರುವುದರಿಂದ ಬೋಲ್ಟು ಹಾಕುವಾಗ ಓರೆ ವಾಷರ್ ಬೇಕಾಗುತ್ತದೆ. ನಮ್ಮ ಫಿಟ್ಟರುಗಳು ಅದನ್ನು ಹಾಕುವುದಿಲ್ಲ, ಬೋಲ್ಟು ಸೊಟ್ಟ ಕೂರುತ್ತದೆ. ಹೊಸದರಲ್ಲಿ ಆ ಗೋಜಿಲ್ಲ. ಸಿಕ್ಕಿದರೆ, ಬೆಲೆ ಹೊಂದಿದರೆ, ತೆಗೆದುಕೊಳ್ಳಬಹುದು.

ಮಾಡಿಗೆ ಮಾತ್ರ ಇಂಥ ಯಾವ ಗಟ್ಟಿ ತೊಲೆಯೂ ಬೇಕಾಗಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ತಗಡಿನ ಮಾಡಿನ ಹೊರೆ ಅಲ್ಪ. ಅದಕ್ಕೆ ಆಂಗಲ್ ಅಥವಾ ಕೊಳವೆಯ ಕತ್ತರಿಮಾಡು ಕಟ್ಟಿದರೆ ಸಾಕು. ಅಲ್ಲಿ ಹೆದರಬೇಕಾದದ್ದು ಕೆಳಗೆ ಒತ್ತುವ ಹೊರೆಗಲ್ಲ, ಮೇಲಕ್ಕೆ ಎಳೆಯುವ ಗಾಳಿಗೆ. ಮಂಗಳೂರಿನ ಕಡೆಗೆ ಮಾನಕ ಸಂಹಿತೆ ಹಿಡಿದಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅಷ್ಟು ಗಾಳಿ ಚದರ ಮೀಟರಿಗೆ 90 ಕಿಲೋದಷ್ಟು ಒತ್ತಡ ಹುಟ್ಟಿಸುತ್ತದೆ. ತಗಡಿನ ತೂಕ ಐದಾರು ಕಿಲೋ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಅಂಗಳದ ಚಪ್ಪರ ಹಾರಿ ಪಕ್ಕದ ತೋಟಕ್ಕೆ ಬಿದ್ದದ್ದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಭಾರಿ ಗರ್ಡರಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಕಂಬದ ಬುಡದ ಬೋಲ್ಟಿಗೂ ಅಡ್ಡ ಬಿಗಿತದ ಸರಳಿಗೂ ಹಾಕಿ.

ಇನ್ನು ತುಕ್ಕು. ಬಯಲುಸೀಮೆಯ ಪುಸ್ತಕ ಮಲೆನಾಡಿಗೆ ನಡೆಯುವುದಿಲ್ಲ. ನಾಲ್ಕು ತಿಂಗಳು ಒಣಗದ ಗೋಡೆ, ಅಡಿಕೆ ಬೇಯಿಸುವ ಹಂಡೆಯ ಆವಿ, ಪಲ್ಪರ್ ಮನೆಯ ಹುಳಿ ನೀರು ಇವೆಲ್ಲ ಉಕ್ಕಿನ ಶತ್ರುಗಳು. ಇಂಥ ಕಡೆ ತೆಳುವಾದ ಕೊಳವೆ ಹಾಕುವುದಾದರೆ ಎರಡೂ ತುದಿಗಳನ್ನು ಮುಚ್ಚಿ ಬೆಸೆಯಲೇಬೇಕು, ಇಲ್ಲವಾದರೆ ಒಳಗಿನಿಂದ ತಿಂದು ಹೊರಗೆ ಬಣ್ಣ ಮಾತ್ರ ನಿಂತಿರುತ್ತದೆ. ಐ ತೊಲೆಯಲ್ಲಿ ತುಕ್ಕು ಕಣ್ಣಿಗೆ ಕಾಣುತ್ತದೆ, ಕೆರೆದು ಬಳಿಯಬಹುದು, ಅದೊಂದು ಗುಣ. ಆದರೆ ಗೋಡೆಯೊಳಗೆ ಹುದುಗಿದ ತುದಿಯನ್ನು ಯಾರೂ ನೋಡುವುದಿಲ್ಲ. ಹುದುಗಿಸುವ ಮೊದಲೇ ಅದಕ್ಕೆ ಎರಡು ಕೋಟು ಹೆಚ್ಚು ಬಳಿಯಿಸಿ. ಬಣ್ಣ ಬಳಿಯುವುದು ತೊಲೆ ನೆಲದ ಮೇಲಿರುವಾಗ, ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ. ಮೇಲೇರಿಸಿದ ನಂತರ ಬಳಿಯುವ ಬಣ್ಣ ಕಾಣುವ ಮೂರು ಮುಖಕ್ಕೆ ಮಾತ್ರ.

ಕೊಳ್ಳುವಾಗಿನ ಒಂದು ಮೋಸವನ್ನೂ ಹೇಳಬೇಕು. ಗುಜರಿಯಿಂದ ಮತ್ತೆ ಉರುಳಿಸಿದ ತೊಲೆಗಳು ಹೊರಗಿನ ಅಳತೆಯಲ್ಲಿ ಎಂಟು ಇಂಚೇ ಇರುತ್ತವೆ. ಪಟ್ಟಿ ಮತ್ತು ಬೆನ್ನು ಮಾತ್ರ ತೆಳ್ಳಗೆ. ಮೀಟರಿಗೆ 25 ಕಿಲೋ ಹತ್ತಿರ ಇರಬೇಕಾದದ್ದು 19, 20 ಕಿಲೋ ತೂಗಿದರೆ ಅದು ನೀವು ಲೆಕ್ಕ ಮಾಡಿಸಿದ ತೊಲೆಯಲ್ಲ. ತುಂಡಿನ ಲೆಕ್ಕದಲ್ಲಿ ಕೊಂಡವರಿಗೆ ಇದು ಗೊತ್ತಾಗುವುದೇ ಇಲ್ಲ. ಆದ್ದರಿಂದ ಉದ್ದ ಅಳೆದು, ಕಾಟಾದಲ್ಲಿ ತೂಗಿಸಿ, ಭಾಗಿಸಿ ನೋಡಿ. ತೊಲೆಯ ಮೈಮೇಲೆ ಗಿರಣಿಯ ಹೆಸರೂ ಮಾನಕದ ಗುರುತೂ ಉಬ್ಬಿಕೊಂಡಿರಬೇಕು. ಐ.ಎಸ್. 2062 ಎಂಬುದು ಕಟ್ಟಡದ ಉಕ್ಕಿನ ಮಾನಕ. ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ, ಗಿರಣಿಯ ಪರೀಕ್ಷಾ ಪತ್ರದ ಪ್ರತಿ ಕೇಳಿ. ಕಾಫಿಯ ಔಟ್‌ಟರ್ನ್ ವಿಷಯದಲ್ಲಿ ಅರ್ಧ ಕಿಲೋಗೆ ಜಗಳವಾಡುವ ನಾವು ಉಕ್ಕಿನ ಅಂಗಡಿಯಲ್ಲಿ ಯಾಕೆ ಇಷ್ಟು ಸಂಭಾವಿತರಾಗುತ್ತೇವೋ! (ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕುಲುಮೆ ಹಚ್ಚಿದಾಗ ಉರಿದದ್ದು ನಮ್ಮ ಮಲೆನಾಡಿನ ಮರದ ಇದ್ದಿಲು. ಉಕ್ಕು ನಮಗೆ ಅಷ್ಟೇನೂ ಅಪರಿಚಿತವಲ್ಲ.)

ಎಂಜಿನಿಯರರ ಫೀಸು ದಂಡ ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಅಟ್ಟ ಜೋಲಿದ ಆ ಸದಸ್ಯರು ಮೂರು ಜನ ಆಳುಗಳನ್ನು ಒಂದು ವಾರ ಇಟ್ಟುಕೊಂಡು ಚೀಲ ಸಾಗಿಸಿದರು, ಒದ್ದೆಯಾದ ಒಂದಷ್ಟು ಕಾಫಿಯನ್ನು ಮಳೆ ಬಿಟ್ಟಾಗ ಮತ್ತೆ ಹರವಿದರು, ಉಳಿದದ್ದನ್ನು ಇಡಲು ಜಾಗವಿಲ್ಲದೆ ಅಂದಿನ ಧಾರಣೆಗೇ ಕೊಟ್ಟರು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಬಹುದಿತ್ತು.

ಮಹಾಸಭೆಯ ಮುಂದೆ ನಾವು ಇಡಲಿರುವ ಸಲಹೆ ಇಷ್ಟು. ಗೋದಾಮಿನ ನಕ್ಷೆಯನ್ನು ಅರ್ಹ ಎಂಜಿನಿಯರರಿಂದ ಲೆಕ್ಕ ಹಾಕಿಸಿಯೇ ಉಕ್ಕಿಗೆ ದರಪಟ್ಟಿ ಕರೆಯಬೇಕು. ಅದೇ ಎಂಜಿನಿಯರರು ಬರುವ ದಿನ, ಅಟ್ಟ ಕೊಟ್ಟಿಗೆ ಕಟ್ಟುವ ಸದಸ್ಯರೂ ತಮ್ಮ ಅಳತೆ ತಂದು ತೋರಿಸುವಂತೆ ಏರ್ಪಾಡು ಮಾಡಬೇಕು. ಫೀಸು ಹಂಚಿಕೊಂಡರೆ ತಲೆಗೆ ಹೆಚ್ಚು ಬೀಳದು. ಎಲ್ಲರ ತೊಲೆಗಳನ್ನೂ ಸಂಘದ ಗೋದಾಮಿನ ಉಕ್ಕಿನ ಜೊತೆಗೇ ಒಂದೇ ಲಾರಿಯಲ್ಲಿ ತರಿಸಿ ಸಂಘದ ಕಾಟಾದಲ್ಲಿ ತೂಗಿಕೊಡಬಹುದು. ಬರುವವರು ಕೋಣೆಯ ಒಳ ಅಗಲ, ಗೋಡೆಯ ದಪ್ಪ ಮತ್ತು ಬಗೆ, ಅತಿ ಹೆಚ್ಚೆಂದರೆ ಎಷ್ಟು ಚೀಲ ಇಡುತ್ತೀರಿ ಎಂಬುದನ್ನು ಬರೆದು ತನ್ನಿ. ಚೀಲದ ಸಂಖ್ಯೆಯನ್ನು ಒಳ್ಳೆಯ ಫಸಲಿನ ವರ್ಷದ್ದೇ ಬರೆಯಿರಿ.

— ಕಾರ್ಯದರ್ಶಿ